ಬೀಗ ತೆಗೆದದ್ದು ಯಾರು?

ರಾತ್ರಿ ಒಂದೂವರೆ. ಬೆಳಗ್ಗೆ ಹತ್ತಕ್ಕೆ ಮೀಟಿಂಗ್ ಇದೆ. ಆದರೂ ನಾನು 'ಸ್ಕೈರಿಮ್' ಆಟದ ಯಾವುದೋ ಗುಹೆಯ ಕೊನೇ ಕೋಣೆಯಲ್ಲಿ ಒಂದು ಪೆಟ್ಟಿಗೆ ಮುಂದೆ ಕೂತಿದ್ದೇನೆ. ಬೀಗದ ಮೇಲೆ 'ಮಾಸ್ಟರ್' ಅಂತಿದೆ. ಅಂದರೆ ಆಟದಲ್ಲೇ ಅತಿ ಕಷ್ಟದ ಬೀಗ. ನನ್ನ ಪಾತ್ರವೋ, ಎರಡೂ ಕೈಲಿ ಕೊಡಲಿ ಹಿಡಿದು ಕರಡಿ ಜೊತೆ ಜಗಳಕ್ಕೆ ಹೋಗೋ ದಾಂಡಿಗ. ಬೀಗ ತೆಗೆಯೋ ಸ್ಕಿಲ್ ನೂರಕ್ಕೆ ಇಪ್ಪತ್ತೂ ಇಲ್ಲ. ಒಂದು ಪಿಕ್ ಮುರೀತು. ಇನ್ನೊಂದು ಮುರೀತು. ಹನ್ನೆರಡು ಮುರಿದ ಮೇಲೆ ಹದಿಮೂರನೇದಕ್ಕೆ 'ಟಕ್' ಅಂತ ಬೀಗ ತೆರೀತು. ಒಳಗೆ ಒಂದಿಷ್ಟು ಚಿನ್ನದ ನಾಣ್ಯ, ಒಂದು ಮಾಮೂಲಿ ಕತ್ತಿ.

ಖುಷಿಯೇನೋ ಆಯ್ತು. ಆದರೆ ಲ್ಯಾಪ್‌ಟಾಪ್ ಮುಚ್ಚಿ ಮಲಗಿದ ಮೇಲೆ ಒಂದು ಪ್ರಶ್ನೆ ಕೊರೆಯೋಕೆ ಶುರು ಮಾಡ್ತು. ಆ ಬೀಗ ತೆಗೆದದ್ದು ಯಾರು? ನಾನಾ, ಕೊಡಲಿಯವನಾ? ಅವನೇ ಅನ್ನೋಣ ಅಂದರೆ ಅವನಿಗೆ ಅದು ಬರಲ್ಲ, ಆಟವೇ ಹಾಗೆ ಹೇಳ್ತಿದೆ. ನಾನೇ ಅನ್ನೋಣ ಅಂದರೆ ಆಟದಲ್ಲಿ ಆ ಸ್ಕಿಲ್ ಅನ್ನೋದು ಯಾಕಿದೆ? ಕಳ್ಳನ ಪಾತ್ರ ಆರಿಸಿಕೊಂಡು, ನೂರಾರು ಬೀಗ ತೆಗೆದು, ಪಾಯಿಂಟ್ ಎಲ್ಲ ಅದಕ್ಕೇ ಸುರಿದ ಇನ್ನೊಬ್ಬ ಆಟಗಾರನಿಗೆ ನಾನು ಮೋಸ ಮಾಡಿದ ಹಾಗೆ ಆಗಲಿಲ್ವಾ?

ತಮಾಷೆ ಅಂದರೆ, ಈ ಪ್ರಶ್ನೆಗೆ ಸುಮಾರು ಐವತ್ತು ವರ್ಷದ ಇತಿಹಾಸ ಇದೆ.

1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರತಂದರು. ಕಂಪ್ಯೂಟರ್ ಇಲ್ಲ. ಟೇಬಲ್ ಸುತ್ತ ಗೆಳೆಯರು, ಕಾಗದ, ಪೆನ್ಸಿಲ್, ದಾಳ, ಅಷ್ಟೇ. ಇವತ್ತಿನ ಎಲ್ಲ ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್‌ಗಳ ಮೂಲಪುರುಷ ಇದು. ಆದರೆ ಅದರಲ್ಲಿ ಮೊದಲಿಗೆ ಕಳ್ಳನೇ ಇರಲಿಲ್ಲ! ಇದ್ದದ್ದು ಮೂರೇ ಬಗೆಯ ಪಾತ್ರ: ಹೋರಾಟಗಾರ, ಮಂತ್ರವಾದಿ, ಪುರೋಹಿತ. ಬಾಗಿಲು ಮುಚ್ಚಿದ್ದರೆ ಹೋರಾಟಗಾರ ಹೆಗಲು ಕೊಟ್ಟು ನೂಕುತ್ತಿದ್ದ. ಬೀಗ ಇದ್ದರೆ ಮಂತ್ರವಾದಿ 'ನಾಕ್' ಅನ್ನೋ ಮಂತ್ರ ಹೇಳುತ್ತಿದ್ದ. ಕಳ್ಳ ಹುಟ್ಟೋಕೆ ಮುಂಚೆಯೇ ಅವನ ಕೆಲಸ ಕಿತ್ತುಕೊಳ್ಳೋ ಮಂತ್ರ ಹುಟ್ಟಿಬಿಟ್ಟಿತ್ತು ಅನ್ನಿ.

ಕಳ್ಳನ ಐಡಿಯಾ ಬಂದದ್ದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಿಂದ. ಅಲ್ಲಿನ ಏರೋ ಹಾಬೀಸ್ ಅನ್ನೋ ಅಂಗಡಿಯಲ್ಲಿ ಆಡುತ್ತಿದ್ದ ಗುಂಪು ಇಂಥದ್ದೊಂದು ಪಾತ್ರ ಮಾಡಿಕೊಂಡಿತ್ತು. ಫೋನಿನಲ್ಲಿ ಆ ವಿಷಯ ಕೇಳಿದ ಗೈಗ್ಯಾಕ್ಸ್ ಅದಕ್ಕೆ ತಮ್ಮದೇ ರೂಪ ಕೊಟ್ಟು, 1975ರ 'ಗ್ರೇಹಾಕ್' ಪುರವಣಿಯಲ್ಲಿ ಸೇರಿಸಿದರು. ಬೀಗ ತೆಗೆಯೋದು ಅಲ್ಲಿಂದ ಒಂದು ಅಂಕಿಯಾಯ್ತು. 1978ರ ನಿಯಮಪುಸ್ತಕದ ಪ್ರಕಾರ ಮೊದಲ ಲೆವೆಲ್ಲಿನ ಕಳ್ಳ ಬೀಗ ತೆಗೆಯೋ ಸಾಧ್ಯತೆ ಶೇ. 25. ದಾಳ ಹಾಕು. ಬಂದರೆ ಬಂತು. ಬರದಿದ್ದರೆ ಲೆವೆಲ್ ಏರೋವರೆಗೂ ಆ ಬೀಗದ ತಂಟೆಗೆ ಹೋಗೋ ಹಾಗಿಲ್ಲ.

ನಾಲ್ಕರಲ್ಲಿ ಒಂದು ಸಲ ಮಾತ್ರ ಕೆಲಸ ಮಾಡೋ ಕಳ್ಳ! ನಗು ಬರುತ್ತೆ. ಆದರೆ ಆ 'ಒಂದೇ ಸಲ' ನಿಯಮದಲ್ಲಿ ಒಂದು ಜಾಣತನ ಇತ್ತು. ದಾಳ ಇವತ್ತಿನ ಅದೃಷ್ಟ ಹೇಳುತ್ತಿರಲಿಲ್ಲ. ಈ ಬೀಗ ಈ ಮನುಷ್ಯನ ವಿದ್ಯೆಗೆ ನಿಲುಕುತ್ತೋ ಇಲ್ವೋ ಅಂತ ಹೇಳುತ್ತಿತ್ತು. ನಿಲುಕದಿದ್ದರೆ ಹೋಗಿ ಕಲಿತು ಬಾ. ಜೊತೆಗೆ ಕಾಲಕ್ಕೊಂದು ಬೆಲೆ ಇತ್ತು. ಹತ್ತು ನಿಮಿಷ ಬೀಗದ ಮುಂದೆ ಕೂತರೆ, ಆಟ ನಡೆಸುವವನು ಸುಮ್ಮನೆ ಇನ್ನೊಂದು ದಾಳ ಉರುಳಿಸಿ "ಹಿಂದೆ ಏನೋ ಸದ್ದಾಯ್ತು" ಅಂದುಬಿಡಬಹುದಿತ್ತು. ಬೀಗ ತೆಗೆಯೋದು ಕಳ್ಳನೊಬ್ಬನ ಕೆಲಸ ಆಗಿರಲಿಲ್ಲ. ಉಳಿದವರೆಲ್ಲ ಉಸಿರು ಬಿಗಿಹಿಡಿದು ಕಾವಲು ನಿಲ್ಲಬೇಕಿತ್ತು.

2000ನೇ ಇಸವಿಯ ಮೂರನೇ ಆವೃತ್ತಿ ಈ ಕಾಲದ ಲೆಕ್ಕವನ್ನು ಇನ್ನೂ ಸ್ಪಷ್ಟ ಮಾಡಿತು. ಅವಸರ ಇಲ್ಲ, ಸೋತರೆ ನಷ್ಟವೂ ಇಲ್ಲ ಅಂತಾದರೆ ದಾಳ ಹಾಕೋದೇ ಬೇಡ. ಇಪ್ಪತ್ತು ಪಟ್ಟು ಸಮಯ ಕೊಡು, ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತೇ ಬಿತ್ತು ಅಂದುಕೋ. ಎಷ್ಟು ನ್ಯಾಯವಾದ ಮಾತು ನೋಡಿ! ಸಮಯ ಇದ್ದರೆ ತನ್ನ ಕೈಲಾದಷ್ಟು ಯಾರು ಬೇಕಾದರೂ ಮಾಡಬಹುದು. ಪರಿಣತಿ ಗೊತ್ತಾಗೋದು ಸಮಯ ಇಲ್ಲದಾಗ.

ಇಷ್ಟೆಲ್ಲ ಕಂಪ್ಯೂಟರಿಗೆ ಬಂದಾಗ ಒಂದು ಎಡವಟ್ಟಾಯ್ತು. ಅದರ ಹೆಸರು ಸೇವ್ ಬಟನ್. ಟೇಬಲ್ ಮುಂದೆ ಗೆಳೆಯರಿದ್ದಾಗ ಬಿದ್ದ ದಾಳವನ್ನು ಎತ್ತಿ ಮತ್ತೆ ಹಾಕೋಕೆ ನಾಚಿಕೆ ಆಗುತ್ತೆ. ಮಾನಿಟರ್ ಮುಂದೆ ಯಾರ ನಾಚಿಕೆ? ಬೀಗದ ಮುಂದೆ ನಿಂತು ಸೇವ್ ಮಾಡು, ಪ್ರಯತ್ನ ಮಾಡು, ಸೋತರೆ ಲೋಡ್ ಮಾಡು. ಶೇ. 25 ಅನ್ನೋದು ಆಗ ಸಾಧ್ಯತೆ ಅಲ್ಲ, ಎಷ್ಟು ಸಲ ಬೋರ್ ಹೊಡೆಸಿಕೋಬೇಕು ಅನ್ನೋ ಲೆಕ್ಕ. 1996ರ 'ಡ್ಯಾಗರ್‌ಫಾಲ್' ಹಳೇ ನಿಯಮವನ್ನೇ ಹಿಡಿದುಕೊಂಡಿತ್ತು. ಒಮ್ಮೆ ಸೋತ ಬೀಗವನ್ನು ಸ್ಕಿಲ್ ಏರೋವರೆಗೆ ಮತ್ತೆ ಮುಟ್ಟೋ ಹಾಗಿಲ್ಲ. ಅದೇ ಸರಣಿಯ 2002ರ 'ಮಾರೋವಿಂಡ್' ದಾರಿ ಬದಲಿಸಿತು. ಬೀಗಕ್ಕೆ ಒಂದರಿಂದ ನೂರರವರೆಗೆ ಅಂಕ, ಪಿಕ್‌ಗಳಲ್ಲೂ ಸಾಧಾರಣ-ಉತ್ತಮ ಅಂತ ದರ್ಜೆ. ಪಿಕ್ ಕೈಲಿ ಹಿಡಿದು ಬೀಗದ ಮೇಲೆ ಕ್ಲಿಕ್ ಮಾಡ್ತಾ ಇರೋದು. ನೋಡೋಕೆ ಚೆನ್ನಾಗಿರಲಿಲ್ಲ ನಿಜ. ಆದರೆ ನೀವು ಕ್ಲಿಕ್ ಮಾಡೋವಾಗ ಆಟದ ಜಗತ್ತು ನಿಲ್ಲುತ್ತಿರಲಿಲ್ಲ. ಅಂಗಡಿಯವನು ತಿರುಗಿ ನೋಡಿದರೆ ಕಥೆ ಮುಗೀತು.

ಆಮೇಲೆ 2006ರಲ್ಲಿ ಬಂತು 'ಆಬ್ಲಿವಿಯನ್'. ಬೀಗ ಮುಟ್ಟಿದ ತಕ್ಷಣ ಜಗತ್ತು ಸ್ತಬ್ಧ. ಪರದೆ ತುಂಬ ಬೀಗದ ಹೊಟ್ಟೆಯೊಳಗಿನ ಚಿತ್ರ: ಸಾಲಾಗಿ ಐದು ಪಿನ್, ಒಂದೊಂದಕ್ಕೂ ಸ್ಪ್ರಿಂಗ್. ಪಿನ್ ಅನ್ನು ಮೇಲಕ್ಕೆ ತಳ್ಳಿ, ಅದು ತುದಿಯಲ್ಲಿ ಒಂದು ಕ್ಷಣ ನಿಂತಾಗ ಕೂರಿಸಬೇಕು. ತಪ್ಪಿದರೆ ಪಿಕ್ ಮುರಿಯುತ್ತೆ, ಕೂರಿಸಿದ್ದ ಪಿನ್ನುಗಳೂ ಬೀಳುತ್ತವೆ. ಸ್ಕಿಲ್ ಏರಿದ ಹಾಗೆ ಬೀಳೋ ಪಿನ್ನುಗಳು ಕಡಿಮೆ ಆಗ್ತವೆ. ಹಾಗಾಗಿ ಕೈ ಪಳಗಿದವನಿಗೆ ಸ್ಕಿಲ್ ಬೇಕಾಗಲೇ ಇಲ್ಲ. ಸಾಲದ್ದಕ್ಕೆ 'ಸ್ಕೆಲಿಟನ್ ಕೀ' ಅನ್ನೋ, ಎಂದಿಗೂ ಮುರಿಯದ ಪಿಕ್ ಬೇರೆ. ಅದು ಸಿಕ್ಕಿದ ದಿನ ಬೀಗಗಳ ವಿಷಯವೇ ಮುಗೀತು.

ಅದೇ ಸಂಸ್ಥೆ ಬೆಥೆಸ್ಡಾ 2008ರ 'ಫಾಲ್‌ಔಟ್ 3'ರಲ್ಲಿ ತದ್ವಿರುದ್ಧ ಮಾಡಿತು. ಅಲ್ಲಿ ಸ್ಕಿಲ್ 25, 50, 75, 100 ಅಂತ ಮೆಟ್ಟಿಲು. ಮೆಟ್ಟಿಲು ಮುಟ್ಟದಿದ್ದರೆ ಬೀಗದ ಹತ್ತಿರವೂ ಬಿಡಲ್ಲ. ಎಪ್ಪತ್ತನಾಲ್ಕು ಇದೆಯಾ? ಸಾರಿ ಗುರು, ಎಪ್ಪತ್ತೈದು ಬೇಕು. ಸಿಇಟಿ ಕಟ್-ಆಫ್ ಥರ! 2011ರ ಸ್ಕೈರಿಮ್‌ನಲ್ಲಿ ಆ ಮೆಟ್ಟಿಲು ತೆಗೆದುಹಾಕಿ, ಪಿಕ್ ತಿರುಗಿಸೋ ಆಟ ಮಾತ್ರ ಉಳಿಸಿಕೊಂಡರು. ಪಿಕ್‌ಗೆ ತೂಕವೇ ಇಲ್ಲ, ಜೇಬಲ್ಲಿ ನೂರು ಇಟ್ಟುಕೊಂಡು ಓಡಾಡಬಹುದು. ನನ್ನ ದಾಂಡಿಗ ಮಾಸ್ಟರ್ ಬೀಗ ತೆಗೆದದ್ದು ಹೀಗೆ.

ಅಂದರೆ ಮೂವತ್ತೇಳು ವರ್ಷದಲ್ಲಿ ಲೋಲಕ ಆ ತುದಿಯಿಂದ ಈ ತುದಿಗೆ ಬಂತು. ಮೊದಲು ಎಲ್ಲವೂ ಪಾತ್ರದ್ದು, ಆಟಗಾರನ ಕೈಗೆ ಕೆಲಸವಿಲ್ಲ. ಕೊನೆಗೆ ಎಲ್ಲವೂ ಆಟಗಾರನ ಕೈಯದ್ದು, ಪಾತ್ರದ ವಿದ್ಯೆಗೆ ಬೆಲೆಯಿಲ್ಲ. ಎರಡರ ಮಧ್ಯೆ ಎಲ್ಲೋ ನಿಲ್ಲಿಸಿದರೆ ಸರಿಹೋಗುತ್ತಾ? ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸಲ್ಲ. ಯಾಕೆ ಅಂತ ಹೇಳೋಕೆ ಆಟ ಬಿಟ್ಟು ನಿಜವಾದ ಬೀಗಗಳ ಕಡೆ ಒಂದು ಸುತ್ತು ಹೋಗಿ ಬರಬೇಕು. 1851ರ ಲಂಡನ್‌ಗೆ.

ಆ ವರ್ಷ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಜಗತ್ತಿನ ವಸ್ತುಗಳ ಮಹಾ ಪ್ರದರ್ಶನ ನಡೀತಿತ್ತು. ಇಂಗ್ಲೆಂಡಿನವರಿಗೆ ತಮ್ಮ ಎರಡು ಬೀಗಗಳ ಬಗ್ಗೆ ಭಾರೀ ಹೆಮ್ಮೆ. ಒಂದು ಜೋಸೆಫ್ ಬ್ರಾಮಾ ಅವರ ಬೀಗ, 1784ರ ಪೇಟೆಂಟ್. ಇದನ್ನು ತೆಗೆದವರಿಗೆ 200 ಗಿನಿ ಬಹುಮಾನ ಅಂತ ಬರೆದು ಪಿಕಡಿಲಿಯ ಅಂಗಡಿ ಕಿಟಕಿಯಲ್ಲಿ ಇಟ್ಟಿದ್ದರು. ದಶಕಗಳು ಕಳೆದರೂ ಯಾರಿಂದಲೂ ಆಗಿರಲಿಲ್ಲ. ಇನ್ನೊಂದು 1818ರಲ್ಲಿ ಜೆರೆಮಯಾ ಚಬ್ ಮಾಡಿದ 'ಡಿಟೆಕ್ಟರ್' ಬೀಗ. ಇದರ ತಂತ್ರವೇ ಬೇರೆ. ಯಾರಾದರೂ ಕಂಬಿ ಹಾಕಿ ಒಳಗಿನ ತುಂಡನ್ನು ಸ್ವಲ್ಪ ಜಾಸ್ತಿ ಎತ್ತಿದರೆ ಬೀಗ ಸಿಕ್ಕಿಹಾಕಿಕೊಂಡು ನಿಂತುಬಿಡುತ್ತೆ. ಮಾಲೀಕ ಬಂದು ತನ್ನದೇ ಕೀಲಿ ಹಾಕಿದಾಗ ಅದು ತೆರೆಯಲ್ಲ. ಆಗ ಅವನಿಗೆ ಗೊತ್ತಾಗುತ್ತೆ: ನಾನಿಲ್ಲದಾಗ ಇಲ್ಲಿಗೆ ಯಾರೋ ಬಂದಿದ್ದರು.

ಪ್ರದರ್ಶನಕ್ಕೆ ಅಮೆರಿಕದಿಂದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಅನ್ನೋ ಬೀಗದ ವ್ಯಾಪಾರಿ ಬಂದ. ಡಿಟೆಕ್ಟರ್ ಬೀಗವನ್ನು ಸಾಕ್ಷಿಗಳ ಎದುರು 25 ನಿಮಿಷದಲ್ಲಿ ತೆಗೆದ. ಮತ್ತೆ ಹಾಗೇ ಹಾಕಿಯೂ ತೋರಿಸಿದ. ಆಮೇಲೆ ಬ್ರಾಮಾ ಬೀಗದ ಮುಂದೆ ಕೂತ. ಅದನ್ನೂ ತೆಗೆದ. ಆದರೆ ಹಿಡಿದದ್ದು 16 ದಿನಗಳಲ್ಲಿ ಹರಡಿದ 51 ಗಂಟೆ.

ಲಂಡನ್ ಕಂಗಾಲಾಯ್ತು, ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಆದರೆ ಸಮಾಧಾನದಿಂದ ಯೋಚಿಸಿ. ಯಾವ ಕಳ್ಳನಿಗೆ ಒಂದು ಬಾಗಿಲ ಮುಂದೆ 51 ಗಂಟೆ ಕೂರೋಕೆ ಬಿಡ್ತಾರೆ? ತೆರೆಯಲಾಗದ ಬೀಗ ಅನ್ನೋದು ಇಲ್ಲ ಅಂತ ಹಾಬ್ಸ್ ತೋರಿಸಿದ, ಸರಿ. ಅದರ ಜೊತೆಗೆ ಇನ್ನೊಂದು ವಿಷಯವೂ ಸಾಬೀತಾಯ್ತು. ಬೀಗ ಕಳ್ಳನನ್ನು ತಡೆಯಲ್ಲ, ಅವನನ್ನು ಕಾಯಿಸುತ್ತೆ. ಒಳ್ಳೇ ಬೀಗ ಜಾಸ್ತಿ ಹೊತ್ತು ಕಾಯಿಸುತ್ತೆ. ಆ ಹೊತ್ತಿನಲ್ಲಿ ಯಾರಾದರೂ ಬರಬಹುದು. ಚಬ್‌ನ ಬೀಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಳ್ಳ ಬಂದಿದ್ದ ಅನ್ನೋ ಸುದ್ದಿಯನ್ನೂ ಇಟ್ಟುಕೊಳ್ಳುತ್ತೆ.

ಕಾಲ ಮತ್ತು ಕುರುಹು. ಬೀಗ ಅಂದರೆ ಇವೆರಡು. ಈಗ ಆಟಗಳ ಕಡೆ ತಿರುಗಿ ನೋಡಿ. ಆಬ್ಲಿವಿಯನ್, ಸ್ಕೈರಿಮ್ ಎರಡರಲ್ಲೂ ಬೀಗ ಮುಟ್ಟಿದರೆ ಮೊದಲು ನಿಲ್ಲೋದೇ ಕಾಲ. ತೆಗೆದ ಮೇಲೆ ಬೀಗದ ಮೇಲೆ ಕುರುಹೂ ಇಲ್ಲ. ಯಾರೂ ನೋಡದಿದ್ದರೆ ಸಾಕು, ಮುರಿದ ಹನ್ನೆರಡು ಪಿಕ್ಕಿನ ಚೂರು ಬೆಳಗ್ಗೆ ಮನೆಯವರ ಕಣ್ಣಿಗೆ ಬೀಳಲ್ಲ. ಬೀಗದಿಂದ ಬೀಗತನವನ್ನೇ ತೆಗೆದಿಟ್ಟು, ಉಳಿದ ಕಬ್ಬಿಣದ ಮೇಲೆ ಒಂದು ಒಗಟು ಅಂಟಿಸಿದ್ದೇವೆ. ಒಗಟು ಸುಲಭ ಇರಬೇಕಾ, ಕಷ್ಟ ಇರಬೇಕಾ ಅಂತ ಆಮೇಲೆ ಜಗಳ ಆಡ್ತೀವಿ.

ಇದನ್ನು ಅರ್ಥ ಮಾಡಿಕೊಂಡ ಆಟಗಳು ಇಲ್ಲವೇ ಇಲ್ಲ ಅಂತಲ್ಲ. 1998ರ 'ಥೀಫ್: ದಿ ಡಾರ್ಕ್ ಪ್ರಾಜೆಕ್ಟ್'ನಲ್ಲಿ ಇದ್ದದ್ದು ಎರಡು ಪಿಕ್. ಒಂದು ಕೆಲಸ ಮಾಡದಿದ್ದರೆ ಇನ್ನೊಂದು ಹಾಕು. ಬುದ್ಧಿಗೆ ಕೆಲಸವೇ ಇಲ್ಲ. ಆದರೂ ಬೆವರು ಬರುತ್ತಿತ್ತು. ಯಾಕಂದರೆ ಬೀಗ ಕಟಕಟ ಅನ್ನೋವಾಗ ಪಕ್ಕದ ಓಣಿಯಲ್ಲಿ ಕಾವಲುಗಾರನ ಹೆಜ್ಜೆ ಸದ್ದು ಹತ್ತಿರವಾಗ್ತಾ ಇರುತ್ತಿತ್ತು. 2018ರಲ್ಲಿ ಚೆಕ್ ದೇಶದ ವಾರ್‌ಹಾರ್ಸ್ ಸ್ಟುಡಿಯೋಸ್ ತಂದ 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್' ಫ್ಯಾಂಟಸಿ ಅಲ್ಲ, 1403ರ ಬೊಹೀಮಿಯಾದ ಕಥೆ. ಮಂತ್ರ ಇಲ್ಲ, ಡ್ರ್ಯಾಗನ್ ಇಲ್ಲ. ಆದರೆ ಈ ವಿಷಯದಲ್ಲಿ ಫ್ಯಾಂಟಸಿ ಆಟಗಳಿಗೆ ಅದು ಮೇಷ್ಟ್ರು. ನಾಯಕ ಹೆನ್ರಿ ಕಮ್ಮಾರನ ಮಗ, ಬೀಗ ತೆಗೆಯೋಕೆ ಬರಲ್ಲ. ಯಾರಿಂದಲಾದರೂ ಕಲೀಬೇಕು. ಒಂದು ಕೈಲಿ ಸರಿಯಾದ ಬಿಂದು ಹಿಡಿದು, ಇನ್ನೊಂದು ಕೈಲಿ ಇಡೀ ಬೀಗ ತಿರುಗಿಸಬೇಕು. ಪಿಕ್ ಮುರಿದರೆ ಸದ್ದು. 2025ರ ಎರಡನೇ ಭಾಗದಲ್ಲಂತೂ ಕಳ್ಳತನ ಆದ ಮೇಲೆ, ಅಲ್ಲಿ ಸುಳಿದಾಡಿದ್ದನ್ನು ಕಂಡವರಿದ್ದರೆ ಅನುಮಾನ ನಿಮ್ಮ ಮೇಲೇ ಬರುತ್ತೆ. ಚಬ್‌ನ ಡಿಟೆಕ್ಟರ್ ಕೊನೆಗೂ ಆಟದೊಳಗೆ ಬಂತು ಅಂತ ನನಗೆ ಖುಷಿ.

ಹೆನ್ರಿಯ ಕಥೆಯಲ್ಲಿ ಒಂದು ಪಾಠವೂ ಇದೆ. ಮೊದಲ ಭಾಗ ಬಂದಾಗ ಗೇಮ್‌ಪ್ಯಾಡ್ ಹಿಡಿದವರು ಎರಡು ಹೆಬ್ಬೆರಳಲ್ಲಿ ಅದನ್ನು ಮಾಡೋಕಾಗದೆ ಒದ್ದಾಡಿದರು. ಕೊನೆಗೆ ತಯಾರಕರು ಸರಳವಾದ ಇನ್ನೊಂದು ವಿಧಾನ ಸೇರಿಸಬೇಕಾಯ್ತು. ಕಷ್ಟ ಇರಬೇಕಾದ್ದು ಬೀಗದಲ್ಲಿ, ಬೆರಳಲ್ಲಲ್ಲ. ಕೈ ನಡುಗೋರು, ಒಂದೇ ಕೈಲಿ ಆಡೋರು ಕೂಡ ಜಗತ್ತಿನ ಅತಿ ಚಾಲಾಕಿ ಕಳ್ಳ ಆಗಬೇಕು. ರೋಲ್ ಪ್ಲೇಯಿಂಗ್ ಗೇಮ್ ಅನ್ನೋದು ಇರೋದೇ ಅದಕ್ಕಲ್ವಾ? ನಾನಲ್ಲದ್ದು ನಾನಾಗೋಕೆ.

2023ರ 'ಬಾಲ್ಡರ್ಸ್ ಗೇಟ್ 3' ಹಳೇ ದಾಳವನ್ನೇ ವಾಪಸ್ ತಂದಿತು. ಇಪ್ಪತ್ತು ಮುಖದ ದಾಳ ಪರದೆ ಮೇಲೆ ಉರುಳುತ್ತೆ. ಸೋತರೆ ಉಪಕರಣ ಹಾಳು. ನೋಡೋಕೆ ಚೆಂದ. ಆದರೆ ಸೇವ್ ಬಟನ್ ಇನ್ನೂ ಅಲ್ಲೇ ಕೂತಿದೆ. ಆಮೇಲೆ ಬಂದ, ಒಂದೇ ಸೇವ್ ಇರೋ 'ಆನರ್ ಮೋಡ್'ನಲ್ಲಿ ಆಡಿದವರಿಗೆ ಮಾತ್ರ 1978ರ ಆ ಟೇಬಲ್ಲಿನ ನಡುಕ ಗೊತ್ತು.

ಹಾಗಾದರೆ ಮುಂದಿನ ಆಟ ಮಾಡೋರು ಏನು ಮಾಡಬೇಕು? ಇತಿಹಾಸ ಓದಿ ನನಗೆ ಹೊಳೆದದ್ದು ಇಷ್ಟು.

ಮೊದಲನೆಯದು, ಸ್ಕಿಲ್ ಅನ್ನು ಕೈಯಿಂದ ಕಣ್ಣಿಗೆ ಸಾಗಿಸಿ. ಪರಿಣತನಿಗೂ ಹೊಸಬನಿಗೂ ಇರೋ ದೊಡ್ಡ ವ್ಯತ್ಯಾಸ ಬೆರಳಿನದ್ದಲ್ಲ, ತಿಳಿವಳಿಕೆಯದು. ನಿಜವಾದ ಪಿನ್ ಬೀಗದಲ್ಲಿ ಸ್ವಲ್ಪ ತಿರುಚು ಕೊಟ್ಟರೆ ಎಲ್ಲ ಪಿನ್ನೂ ಒಟ್ಟಿಗೆ ಬಿಗಿಯಾಗಲ್ಲ. ತಯಾರಿಕೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದೇ ಇರೋದರಿಂದ ಯಾವುದೋ ಒಂದು ಮೊದಲು ಬಿಗಿಯಾಗುತ್ತೆ. ಅದನ್ನು ಗುರುತಿಸೋದೇ ವಿದ್ಯೆ. ಆಟದಲ್ಲಿ ನನ್ನ ದಾಂಡಿಗನಿಗೆ ಕಾಣಬೇಕಾದ್ದು ಒಂದು ಕಬ್ಬಿಣದ ಗಡ್ಡೆ ಮಾತ್ರ. ಕಳ್ಳನಿಗೆ ಕಾಣಬೇಕಾದ್ದು ಯಾವ ಪಿನ್ ಮೊದಲು, ಎಷ್ಟು ಹೊತ್ತು ಹಿಡಿಯುತ್ತೆ, ಇದು ಯಾವ ಊರಿನ ಕಮ್ಮಾರನ ಕೆಲಸ, ಇಂಥದ್ದನ್ನ ಹಿಂದೆ ಎಲ್ಲಿ ತೆಗೆದಿದ್ದೆ ಅನ್ನೋದೆಲ್ಲ. ಹಾಗಾದಾಗ ಆಡೋದು ನಾನೇ, ಆದರೆ ನನಗೆ ತೋರಿಸಿಕೊಡೋದು ಅವನ ಅನುಭವ. ಯಾರು ತೆಗೆದದ್ದು ಅನ್ನೋ ಪ್ರಶ್ನೆಗೆ 'ಇಬ್ಬರೂ' ಅಂತ ಉತ್ತರ ಸಿಗುತ್ತೆ.

ಎರಡನೆಯದು, ಗಡಿಯಾರ ನಿಲ್ಲಿಸಬೇಡಿ. ಯಾವ ಬೀಗವನ್ನಾದರೂ ಯಾರಾದರೂ ತೆಗೆಯಬಹುದು ಅನ್ನಿ. ಆದರೆ ಕಳ್ಳನಿಗೆ ಹತ್ತು ಸೆಕೆಂಡ್, ದಾಂಡಿಗನಿಗೆ ರಾತ್ರಿಯ ಅರ್ಧ. ಬೆರಳಾಟ ಬೇಡ ಅನ್ನೋರಿಗೂ ಇದೇ ದಾರಿ. ಬಟನ್ ಒತ್ತಿ, ಸಮಯ ಕೊಡಿ, ಅಷ್ಟು ಹೊತ್ತು ಯಾರೂ ಬರದಿರಲಿ ಅಂತ ಬೇಡಿಕೊಳ್ಳಿ.

ಮೂರನೆಯದು, ಕುರುಹು ಉಳಿಯಲಿ. ಗೀರು ಬಿದ್ದ ಬೀಗ, ಒಳಗೆ ಸಿಕ್ಕ ಪಿಕ್ಕಿನ ತುಂಡು, ಮರುದಿನ ಮಾಲೀಕ ಹಾಕಿಸಿದ ಹೊಸ ಬೀಗ, ಬೀದಿಯಲ್ಲಿ ಎದ್ದ ಗುಸುಗುಸು. ಆಗ ಸೋಲು ಅಂದರೆ ಲೋಡ್ ಮಾಡೋ ಕಾರಣ ಅಲ್ಲ, ಮುಂದಿನ ಕಥೆ. ಬಾಗಿಲಲ್ಲಿ ಆಗದಿದ್ದರೆ ಕಿಟಕಿ ಇದೆ, ಅಡುಗೆಯವಳ ಸೊಂಟದಲ್ಲಿ ಕೀಲಿಗೊಂಚಲಿದೆ. ಹೋಗಿ ಮಾತಾಡಿ.

ಇಷ್ಟೆಲ್ಲ ಯಾಕೆ, ಆಟ ತಾನೇ ಅಂತ ನೀವು ಕೇಳಬಹುದು. ಕಳೆದ ವರ್ಷ ಒಂದು ಭಾನುವಾರ, ಹಾಲು ತರೋಕೆ ಅಂತ ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಗಾಳಿಗೆ ಬಾಗಿಲು ಹಾಕಿಕೊಳ್ತು. ಕೀ ಒಳಗೆ, ಫೋನೂ ಒಳಗೆ. ಪಕ್ಕದ ಮನೆ ಆಂಟಿ ಫೋನ್ ಕೊಟ್ಟರು. ಸರ್ಕಲ್ ಹತ್ತಿರ ಛತ್ರಿ ಕೆಳಗೆ ಕೂತು ಡೂಪ್ಲಿಕೇಟ್ ಕೀ ಮಾಡೋರು ಸ್ಕೂಟರ್‌ನಲ್ಲಿ ಬಂದರು. ವಯಸ್ಸು ಅರವತ್ತರ ಮೇಲೆ. ಬೀಗವನ್ನ ಒಂದು ಸಲ ನೋಡಿದರು, ಮುಟ್ಟಲಿಲ್ಲ.

"ನಿಮ್ದೇ ಮನೆ ಅಲ್ವಾ ಸಾರ್?"

"ಹೌದು ಸಾರ್, ನಂದೇ. ಬಾಡಿಗೆಗೆ ಇದೀನಿ."

ಅವರು ನನ್ನ ಬಿಟ್ಟು ಆಂಟಿ ಕಡೆ ತಿರುಗಿದರು. "ಹೌದಾಮ್ಮಾ?" ಅಂದರು. ಆಂಟಿ ಹೌದು ಅಂದ ಮೇಲೂ ಬಿಡಲಿಲ್ಲ, ಓನರ್‌ಗೆ ಫೋನ್ ಮಾಡಿಸಿ ಮಾತಾಡಿದರು. ಇಷ್ಟಕ್ಕೆಲ್ಲ ಕಾಲು ಗಂಟೆ. ಆಮೇಲೆ ಚೀಲದಿಂದ ಎರಡು ತಂತಿ ತೆಗೆದು ಬಾಗಿದರು. ಕಣ್ಣು ಬೀಗದ ಮೇಲಿರಲಿಲ್ಲ, ಎಲ್ಲೋ ದೂರ ನೋಡ್ತಿದ್ದರು. ಬೆರಳು ಮಾತ್ರ ಏನನ್ನೋ ಕೇಳಿಸಿಕೊಳ್ತಿದ್ದ ಹಾಗಿತ್ತು. ಒಂದು ನಿಮಿಷವೂ ಆಗಿರಲಿಲ್ಲ, 'ಟಕ್'.

ಆ ಸದ್ದು ಸ್ಕೈರಿಮ್‌ನಲ್ಲಿ ಕೇಳಿದ್ದ ಸದ್ದೇ. ಆದರೆ ಅವರ ಸ್ಕಿಲ್ ಇದ್ದದ್ದು ಆ ಒಂದು ನಿಮಿಷದಲ್ಲಿ ಮಾತ್ರ ಅಲ್ಲ, ಅದಕ್ಕೂ ಮುಂಚಿನ ಕಾಲು ಗಂಟೆಯಲ್ಲೂ ಇತ್ತು. ಬೀಗ ತೆಗೆಯೋಕೆ ಗೊತ್ತಿದ್ದವರಿಗೆ, ಅದು ಯಾರ ಬೀಗ ಅನ್ನೋದೂ ಗೊತ್ತಿರಬೇಕು. ಅದನ್ನು ಕೇಳೋ ಒಂದು ಆಟ ಬಂದರೆ ಹೇಳಿ, ನಿದ್ದೆಗೆಟ್ಟು ಆಡ್ತೀನಿ. ಕೊಡಲಿ ಮನೇಲೇ ಬಿಟ್ಟು ಬರ್ತೀನಿ.